ಮಂದಿ ನೋಡದೆ ದಾಟುವ ಜಾಹೀರಾತು ಕಣ್ಣಿಗೆ ಬೀಳಬೇಕಾದರೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಅಂಗಡಿಕಾರರಿಗೆ ಸಮಗ್ರ ಮಾರ್ಗದರ್ಶಿ

ಬ್ಯಾನರ್ ಕಟ್ಟಿಸಿದ್ದಾಯಿತು, ಆಟೊ ತಿರುಗಿಸಿದ್ದಾಯಿತು, ವಾಟ್ಸಾಪಿನಲ್ಲಿ ಕಳಿಸಿದ್ದಾಯಿತು. ಅಂಗಡಿಗೆ ಮಾತ್ರ ಯಾರೂ ಬರಲಿಲ್ಲ. ಸಿಂಧನೂರಿನ ಬೀಜ-ಗೊಬ್ಬರದ ಅಂಗಡಿಯಿಂದ ಹಿಡಿದು ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದವರೆಗೆ ದೂರು ಇದೊಂದೇ. ಖರ್ಚು ಸಾಲಲಿಲ್ಲವೇನೋ ಎಂದು ಇನ್ನೂ ದೊಡ್ಡ ಬ್ಯಾನರ್, ಇನ್ನೂ ಜೋರು ಮೈಕು ಹಿಡಿಯುತ್ತಾರೆ. ಆಗಲೂ ಫಲ ಅಷ್ಟಕ್ಕಷ್ಟೆ.

ಕೆಡುವುದು ಕೆಲಸದ ಕ್ರಮದಲ್ಲಿ. ಹೆಚ್ಚಿನವರು ಮೊದಲು ಪ್ರಿಂಟಿಂಗ್ ಅಂಗಡಿಗೆ ಹೋಗಿ ಅಳತೆ ಹೇಳುತ್ತಾರೆ, ಆಮೇಲೆ ಡಿಸೈನು ಆರಿಸುತ್ತಾರೆ, ಏನು ಬರೆಯಬೇಕೆಂಬುದನ್ನು ಕೊನೆಗೆ ನಿಂತ ಕಾಲಲ್ಲೇ ಯೋಚಿಸುತ್ತಾರೆ. ಯಾರಿಗೆ, ಯಾವ ವಾರ ಎಂಬ ಪ್ರಶ್ನೆ ಏಳುವುದೇ ಇಲ್ಲ. ದಿನವೂ ಕಾಣುವುದನ್ನು ಬಿಟ್ಟುಬಿಡಲು ಮನುಷ್ಯನ ಕಣ್ಣು ಕಲಿತಿರುತ್ತದೆ. ತಲೆಯಲ್ಲಿ ಆಗಲೇ ಓಡುತ್ತಿರುವ ಚಿಂತೆಗೆ ಸಂಬಂಧಪಟ್ಟದ್ದು ಎದುರಾದರೆ ಮಾತ್ರ ಹೇಳದಿದ್ದರೂ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಹಂತಗಳು ರೂಢಿಗೆ ತಿರುವುಮುರುವಾಗಿವೆ: ಮೊದಲು ಯಾರು ಮತ್ತು ಯಾವಾಗ, ಆಮೇಲೆ ಮಾತು, ಆಮೇಲೆ ಅಕ್ಷರ ಮತ್ತು ಜಾಗ. ದಯವಿಟ್ಟು ಒಂದನ್ನೂ ಹಾರಿಸಬೇಡಿ.

ಬೇಕಾಗುವ ಸಾಮಾನು

ಕ್ಯಾಮೆರಾ ಇರುವ ಮೊಬೈಲು, ಅಳತೆ ಟೇಪು, ಒಂದು ನೋಟ್‌ಬುಕ್ಕು, ನಕ್ಷತ್ರ-ಮಳೆಗಳಿರುವ ಗೋಡೆ ಕ್ಯಾಲೆಂಡರ್, ನಿಮ್ಮ ವ್ಯಾಪಾರಕ್ಕೆಂದೇ ಒಂದು ಪ್ರತ್ಯೇಕ ಸಿಮ್. ಹಣ ಖರ್ಚಾಗುವುದು ಐದನೇ ಹಂತದಿಂದ ಮುಂದೆ. ಅಲ್ಲಿಯವರೆಗೆ ಬೇಕಾದದ್ದು ಸಮಯ ಮಾತ್ರ.

ಹಂತ 1: ಈಗಿರುವ ಜಾಹೀರಾತನ್ನು ಪರೀಕ್ಷಿಸಿ

ನಿಮ್ಮ ಬೋರ್ಡಿನ ಎದುರು, ರಸ್ತೆಯ ಆಚೆ ಬದಿಯಲ್ಲಿ ನಿಲ್ಲಿ. ಹಾದುಹೋಗುವ 50 ಮಂದಿಯನ್ನು ಎಣಿಸಿ, ಬೋರ್ಡಿನ ಕಡೆ ಕತ್ತು ತಿರುಗಿಸಿದವರಿಗೆ ಮಾತ್ರ ಗೆರೆ ಹಾಕಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಿ. ಮುಂದೆ ಏನೇ ಬದಲಿಸಿದರೂ ಈ ಅಂಕಿಯ ಜೊತೆಗೇ ಹೋಲಿಸಬೇಕು.

ಎರಡನೆಯದು ಹೆಬ್ಬೆರಳ ಪರೀಕ್ಷೆ. ನೂರು ಅಡಿ ದೂರದಿಂದ ಬೋರ್ಡಿನ ಫೋಟೊ ತೆಗೆದು, ಮೊಬೈಲಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ. ನಿಮ್ಮ ಅಂಗಡಿ ಗೊತ್ತಿಲ್ಲದವರಿಗೆ 3 ಸೆಕೆಂಡು ತೋರಿಸಿ, ಮುಚ್ಚಿ, ಕೇಳಿ: ಇಲ್ಲಿ ಏನು ಸಿಗುತ್ತದೆ, ಎಲ್ಲಿ ಸಿಗುತ್ತದೆ? ‘ಯಾರದೋ ಹುಟ್ಟುಹಬ್ಬ ಇರಬೇಕು’ ಎಂಬ ಉತ್ತರ ಬಂದರೆ ಬೇಸರ ಬೇಡ, ನಮ್ಮ ಊರುಗಳಲ್ಲಿ ಅತಿ ಹೆಚ್ಚು ಬರುವ ಉತ್ತರ ಅದೇ. ಸರ್ಕಲ್ಲಿನಲ್ಲಿ ಮುಖಗಳ ಸಾಲು, ಕೆಳಗೆ ಹೆಸರುಗಳ ಸಾಲು ಇರುವ ಶುಭಾಶಯದ ಬ್ಯಾನರನ್ನು ಮಂದಿ ವರ್ಷವಿಡೀ ನೋಡಿ ದಣಿದಿದ್ದಾರೆ. ಆ ಆಕಾರ ಕಂಡ ಕೂಡಲೇ ಕಣ್ಣು ಜಾರುತ್ತದೆ. ಮಾಲೀಕರ ಫೋಟೊ, ದೇವರ ಫೋಟೊ, ಹಿರಿಯರ ಫೋಟೊ ಮೇಲೆ ಸಾಲಾಗಿಟ್ಟ ಅಂಗಡಿಯ ಬ್ಯಾನರು ಈ ಗುಂಪಿಗೇ ಸೇರಿಹೋಗುತ್ತದೆ.

ಈ ಪರೀಕ್ಷೆಗೆ ಮನೆಯವರನ್ನು, ಅಂಗಡಿಯ ಹುಡುಗರನ್ನು ಕೂರಿಸಬೇಡಿ. ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ.

ಹಂತ 2: ಯಾರಿಗೆ, ಯಾವ ವಾರ

‘ಎಲ್ಲರಿಗೂ’ ಎಂದು ಬರೆದರೆ ಮುಂದಿನ ಹಂತಗಳೆಲ್ಲ ವ್ಯರ್ಥ. ಒಬ್ಬರನ್ನು ಹಿಡಿಯಿರಿ: ಕಾರಟಗಿಯ ಭತ್ತದ ರೈತ, ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ ಮಾಡುವವರು, ದೇವದುರ್ಗದ ಹತ್ತಿ ಬೆಳೆಗಾರರು, ಕೊಪ್ಪಳದಲ್ಲಿ ರೂಮು ಮಾಡಿಕೊಂಡಿರುವ ಕಾಲೇಜು ಹುಡುಗಿಯರು. ಆ ಒಬ್ಬರ ಕೈಗೆ ಹಣ ಯಾವಾಗ ಬರುತ್ತದೆ, ಅವರ ತಲೆಯಲ್ಲಿ ನಿಮ್ಮ ಸಾಮಾನಿನ ಚಿಂತೆ ಯಾವ ವಾರ ಶುರುವಾಗುತ್ತದೆ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ನೀರಾವರಿ ಸೀಮೆಯಲ್ಲಿ ಈ ಲೆಕ್ಕ ಸೂಕ್ಷ್ಮ. ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟ ಕೂಡಲೇ ಗಂಗಾವತಿ ಭಾಗದಲ್ಲಿ ಸಸಿ ಮಡಿ, ನಾಟಿ ಶುರುವಾಗುತ್ತದೆ. ಅದೇ ನಾಲೆಯ ಕೆಳಭಾಗದ ಮಾನ್ವಿ, ಸಿರವಾರ ಕಡೆ ರೈತರು ನೀರು ಮುಟ್ಟುತ್ತದೋ ಇಲ್ಲವೋ ಎಂದು ಇನ್ನೂ ಕಾಯುತ್ತಿರುತ್ತಾರೆ. ಒಂದೇ ದಿನ ಎರಡೂ ಕಡೆ ‘ನಾಟಿಗೆ ಗೊಬ್ಬರ ರೆಡಿ’ ಎಂದು ಸಾರಿದರೆ ಗಂಗಾವತಿಯಲ್ಲಿ ಅದು ಸುದ್ದಿ, ಮಾನ್ವಿಯಲ್ಲಿ ಗಾಯಕ್ಕೆ ಉಪ್ಪು. ನೀರಾವರಿ ಸಲಹಾ ಸಮಿತಿ ಸಭೆಯ ದಿನ, ನೀರು ಬಿಟ್ಟ ದಿನ, ನಿಮ್ಮ ವಿತರಣಾ ಕಾಲುವೆಗೆ ನೀರು ಬಂದ ದಿನ, ಈ ಮೂರನ್ನೂ ಬರೆದಿಟ್ಟುಕೊಳ್ಳಿ. ನಿಮ್ಮ ಸಂದೇಶ ಹೊರಡಬೇಕಾದದ್ದು ಮೂರನೆಯದಕ್ಕೆ.

ಕುಷ್ಟಗಿ, ಯಲಬುರ್ಗಾ, ಕುಕನೂರಿನ ಮಳೆಯಾಶ್ರಿತ ಹೊಲಗಳಿಗೆ ನಾಲೆಯ ಲೆಕ್ಕ ನಡೆಯುವುದಿಲ್ಲ. ಅಲ್ಲಿ ರೋಹಿಣಿ, ಮೃಗಶಿರಾ, ಆರಿದ್ರಾ ಮಳೆಗಳ ಲೆಕ್ಕ. ಬಿತ್ತನೆಯ ಮಾತನ್ನು ಹದ ಮಳೆ ಬಿದ್ದ ಮರುದಿನ ಬೆಳಿಗ್ಗೆಯೇ ಹೇಳಬೇಕು. ಅಂದರೆ ಬರಹ, ರೆಕಾರ್ಡಿಂಗು ಎಲ್ಲ ಮೊದಲೇ ತಯಾರಿದ್ದು ಮಳೆಗಾಗಿ ಕಾದಿರಬೇಕು. ಮಳೆ ಬಂದ ಮೇಲೆ ಪ್ರಿಂಟಿಗೆ ಕೊಟ್ಟರೆ ಹೊತ್ತು ಮೀರಿರುತ್ತದೆ.

ಹಣದ ಲೆಕ್ಕವೂ ಬೆಳೆಯಿಂದ ಬೆಳೆಗೆ ಬೇರೆ. ಹತ್ತಿ ಅಕ್ಟೋಬರಿನಿಂದ ಜನವರಿಯವರೆಗೆ ಮೂರು ನಾಲ್ಕು ಸಲ ಬಿಡಿಸುವ ಬೆಳೆ, ಹಣ ಕಂತು ಕಂತಾಗಿ ಬರುತ್ತದೆ. ಆಗ ಬಟ್ಟೆ, ಪಾತ್ರೆ, ಮೊಬೈಲಿನಂಥ ಚಿಕ್ಕ ಖರೀದಿಯ ಮಾತು ಕಿವಿಗೆ ಬೀಳುತ್ತದೆ. ಭತ್ತದ ಹಣ ಒಟ್ಟಿಗೆ ಬರುತ್ತದೆ, ಅದೂ ಕೊಯ್ಲಾದ ಕೂಡಲೇ ಅಲ್ಲ, ವ್ಯಾಪಾರಿ ಕೊಟ್ಟಾಗ. ಬೈಕು, ಬಂಗಾರ, ಟ್ರ್ಯಾಕ್ಟರಿನ ಮುಂಗಡದ ಮಾತು ಆ ವಾರಗಳಿಗೆ. ಕಾರ್ಖಾನೆ, ಗಣಿ ನಂಬಿದ ತೋರಣಗಲ್ಲು, ಶಕ್ತಿನಗರ, ಹಟ್ಟಿಯಲ್ಲಿ ಸಂಬಳದ ವಾರವೇ ಹಬ್ಬ.

ಜಾತ್ರೆಯ ಬಗ್ಗೆ ಒಂದು ಮಾತು. ಕೊಪ್ಪಳದ ಗವಿಮಠದ ಜಾತ್ರೆಗೆ, ಹುಲಿಗೆಮ್ಮನ ಜಾತ್ರೆಗೆ ಲಕ್ಷಾಂತರ ಮಂದಿ ಬರುತ್ತಾರೆಂದು ಅಲ್ಲೇ ಬ್ಯಾನರ್ ಕಟ್ಟುವ ಆಸೆ ಎಲ್ಲರಿಗೂ. ಗುಂಪು ಹೆಚ್ಚಾದಷ್ಟೂ ಗಮನ ತೆಳುವಾಗುತ್ತದೆ. ಅಲ್ಲಿ ಮಂದಿ ಹುಡುಕುವುದು ನೀರು, ನೆರಳು, ಶೌಚಾಲಯ, ಬಸ್ಸು ನಿಲ್ಲುವ ಜಾಗ. ಅನುಮತಿ ಪಡೆದು ‘ಗಂಗಾವತಿ ಬಸ್ಸು ಈ ಕಡೆ’ ಎಂಬ ಬಾಣದ ಬೋರ್ಡು ಹಾಕಿ, ಕೆಳಗೆ ಅಂಗಡಿಯ ಹೆಸರು ಬರೆದರೆ ಅದನ್ನು ಓದುತ್ತಾರೆ, ಬಾಯಿಂದ ಬಾಯಿಗೆ ದಾಟಿಸುತ್ತಾರೆ. ರಿಯಾಯಿತಿ ಕೂಗುವ ಬ್ಯಾನರಿಗೆ ಜಾತ್ರೆ ತೀರಾ ಕೆಟ್ಟ ಜಾಗ.

ಹಂತ 3: ಒಂದೇ ಮಾತು ಬರೆಯಿರಿ

ಇಲ್ಲಿ ಒಂದು ದಿನ ಪೂರ್ತಿ ಕೊಡಿ. ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ.

‘ಗುಣಮಟ್ಟವೇ ನಮ್ಮ ಧ್ಯೇಯ’, ‘ಗ್ರಾಹಕರೇ ನಮ್ಮ ದೇವರು’, ‘ಭಾರಿ ರಿಯಾಯಿತಿ’, ‘ಒಮ್ಮೆ ಭೇಟಿ ಕೊಡಿ’. ಈ ನಾಲ್ಕು ಸಾಲು ಯಾವ ಅಂಗಡಿಗಾದರೂ ಹೊಂದುತ್ತವೆ, ಆದ್ದರಿಂದ ಯಾವ ಅಂಗಡಿಗೂ ಸಲ್ಲುವುದಿಲ್ಲ. ನಿಮ್ಮ ಸಾಲನ್ನು ಹೀಗೆ ಒರೆಗೆ ಹಚ್ಚಿ: ಪಕ್ಕದ ಅಂಗಡಿಯವರು ಅದನ್ನೇ ತಮ್ಮ ಬೋರ್ಡಿನ ಮೇಲೆ ಬರೆದುಕೊಳ್ಳಬಹುದೇ? ಬಹುದು ಎಂದರೆ ಹೊಡೆದುಹಾಕಿ.

ಉಳಿಯುವ ಸಾಲಿನಲ್ಲಿ ಮೂರು ಅಂಶ ಇರಬೇಕು: ಆ ಮನುಷ್ಯನ ಈ ವಾರದ ಚಿಂತೆ, ಅದಕ್ಕೆ ನೀವು ಕೊಡುವ ಒಂದು ವಸ್ತು ಅಥವಾ ಕೆಲಸ, ಮತ್ತು ಒಂದು ಅಂಕಿ.

ರಾಯಚೂರಿನ ಹತ್ತಿ ಬೆಳೆಗಾರರನ್ನೇ ತೆಗೆದುಕೊಳ್ಳಿ. ಭಾರತೀಯ ಹತ್ತಿ ನಿಗಮದ ಖರೀದಿ ಕೇಂದ್ರದಲ್ಲಿ ತೇವಾಂಶ 8 ಪ್ರತಿಶತ ಇದ್ದರೆ ಪೂರ್ತಿ ಬೆಲೆ, ಅದಕ್ಕಿಂತ ಹೆಚ್ಚಿದ್ದರೆ ಕಡಿತ, 12 ದಾಟಿದರೆ ಗಾಡಿ ವಾಪಸ್. ಬಾಡಿಗೆ ಕೊಟ್ಟು ತಂದ ಮಾಲು ವಾಪಸ್ ಹೋದೀತೆಂಬ ಭಯ ನವೆಂಬರಿನಲ್ಲಿ ಎಲ್ಲರ ಎದೆಯಲ್ಲೂ ಇರುತ್ತದೆ. ಗೊಬ್ಬರದಂಗಡಿಯವರು ತೇವಾಂಶ ಮೀಟರ್ ಇಟ್ಟುಕೊಂಡು ‘ಹತ್ತಿ ತೇವ 12ರ ಒಳಗಿದೆಯಾ? ಗಾಡಿ ಹೇರುವ ಮುಂಚೆ ಇಲ್ಲಿ ನೋಡಿಸಿ, ಪುಕ್ಕಟೆ’ ಎಂದು ಬರೆದರೆ ಅದನ್ನು ಓದದೆ ದಾಟುವ ಹತ್ತಿ ಬೆಳೆಗಾರ ಇಲ್ಲ. ‘ಎಲ್ಲ ತರಹದ ಕೃಷಿ ಪರಿಕರಗಳು ದೊರೆಯುತ್ತವೆ’ ಎಂಬುದನ್ನು ಓದುವವರೂ ಇಲ್ಲ. ಭತ್ತಕ್ಕೆ ಸರ್ಕಾರಿ ಖರೀದಿಯಲ್ಲಿ ತೇವಾಂಶದ ಮಿತಿ 17 ಪ್ರತಿಶತ. ಡಿಸೆಂಬರಿನಲ್ಲಿ ಸಿಂಧನೂರು, ಸಿರುಗುಪ್ಪ ಕಡೆಗೆ ಇದೇ ಮಾತನ್ನು ಆ ಅಂಕಿಯೊಂದಿಗೆ ಹೇಳಬಹುದು.

ಬಳ್ಳಾರಿಯ ಜೀನ್ಸ್ ಘಟಕದವರು ಸಗಟು ಕೊಳ್ಳುವವರಿಗೆ ‘ಉತ್ತಮ ಗುಣಮಟ್ಟದ ಜೀನ್ಸ್’ ಎಂದು ಬರೆಯುತ್ತಾರೆ. ಹುಬ್ಬಳ್ಳಿಯಿಂದ, ಕರ್ನೂಲಿನಿಂದ ಬರುವ ಚಿಲ್ಲರೆ ವ್ಯಾಪಾರಿಯ ಚಿಂತೆ ಬೇರೆ: ಎಷ್ಟು ಪೀಸು ಕನಿಷ್ಠ ತೆಗೆದುಕೊಳ್ಳಬೇಕು, ಮಾರದ ಸೈಜು ವಾಪಸ್ ಆಗುತ್ತದಾ, ಬಣ್ಣ ಬಿಡುತ್ತದಾ. ‘ಕನಿಷ್ಠ 12 ಪೀಸ್. 28ರಿಂದ 40 ಸೈಜ್. ಮಾರದ ಸೈಜು 30 ದಿನದೊಳಗೆ ಬದಲಿ’ ಎಂದರೆ ಮೂರರಲ್ಲಿ ಎರಡಕ್ಕೆ ಉತ್ತರ ಸಿಕ್ಕಿತು. ಬಣ್ಣದ ಮಾತಿಗೆ ಕೌಂಟರಿನ ಮೇಲೆ ಒಂದು ಗಾಜಿನ ಲೋಟದಲ್ಲಿ ನೀರು ಹಾಕಿ, ನಿಮ್ಮ ಬಟ್ಟೆಯ ತುಂಡೊಂದನ್ನು ಅದ್ದಿಡಿ. ನೀರು ತಿಳಿಯಾಗಿದ್ದರೆ ಆ ಲೋಟದಷ್ಟು ಗಟ್ಟಿ ಜಾಹೀರಾತು ಇನ್ನೊಂದಿಲ್ಲ. ನೀಲಿ ಇಳಿದರೆ ಮೊದಲು ವಾಷಿಂಗ್ ಸರಿಪಡಿಸಿ, ಜಾಹೀರಾತು ಆಮೇಲೆ.

ಮಾಡಲಾಗದ್ದನ್ನು ಬರೆಯಬೇಡಿ. ‘ಇಂದೇ ಕೊನೆ ದಿನ’ ಎಂಬ ಬ್ಯಾನರು ತಿಂಗಳುಗಟ್ಟಲೆ ನೇತಾಡಿದರೆ ಆ ಅಂಗಡಿಯ ಮುಂದಿನ ಸತ್ಯವೂ ಸುಳ್ಳಾಗಿಯೇ ಕೇಳಿಸುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಂಡವೂ ಇದೆ.

ಭಾಷೆ. ಬಳ್ಳಾರಿ, ರಾಯಚೂರು ಪೇಟೆಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ಗಂಗಾವತಿ, ಸಿಂಧನೂರು ಸುತ್ತಲಿನ ಕ್ಯಾಂಪುಗಳಲ್ಲಿ (ಹೊರಗಿನಿಂದ ಬಂದು ನೆಲೆಸಿದವರ ಊರುಗಳಲ್ಲಿ) ತೆಲುಗು ಮನೆಮಾತಿನವರು ಹೆಚ್ಚು, ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿಯವರೂ ಇದ್ದಾರೆ. ಒಂದೇ ಬೋರ್ಡಿನಲ್ಲಿ ಮೂರು ಲಿಪಿ ತುರುಕಿದರೆ ಮೂರೂ ಚಿಕ್ಕದಾಗಿ ಯಾರಿಗೂ ಕಾಣದು. ಬೋರ್ಡು ಕನ್ನಡದಲ್ಲಿರಲಿ, ಉಳಿದ ಭಾಷೆಗಳನ್ನು ಧ್ವನಿಗೆ ಬಿಡಿ.

ಹಂತ 4: ಅಕ್ಷರದ ಅಳತೆ

ಗಂಟೆಗೆ 40 ಕಿ.ಮೀ. ವೇಗದ ಬೈಕು ಸೆಕೆಂಡಿಗೆ 11 ಮೀಟರ್ ಓಡುತ್ತದೆ. 100 ಅಡಿ, ಅಂದರೆ 30 ಮೀಟರ್ ದೂರದಿಂದ ಬೋರ್ಡು ಕಂಡರೂ ಸವಾರನಿಗೆ ಸಿಗುವುದು 3 ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಓದಲಾಗುವುದು ಐದಾರು ಪದ.

ಸಲೀಸಾಗಿ ಓದಲು ಪ್ರತಿ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಬೇಕೆಂಬುದು ಬೋರ್ಡು ಬರೆಯುವವರ ಲೆಕ್ಕ. ನೂರು ಅಡಿಗೆ 10 ಇಂಚು. ಕನ್ನಡದಲ್ಲಿ ಈ 10 ಇಂಚನ್ನು ‘ಗ’, ‘ರ’ದಂಥ ಮೂಲ ಅಕ್ಷರದ ಮೇಲೆ ಅಳೆಯಬೇಕು, ಒತ್ತಕ್ಷರ ಸೇರಿಸಿ ಅಲ್ಲ. ಪ್ರಿಂಟಿಂಗ್ ಅಂಗಡಿಯವರು ಸಾಲಿನ ಒಟ್ಟು ಎತ್ತರ ಹೇಳುತ್ತಾರೆ, ಅಲ್ಲೇ ಮೋಸ ಹೋಗುವುದು. ನಮ್ಮ ಅಕ್ಷರಗಳ ಅಗಲ ಎತ್ತರಕ್ಕೆ ಹೆಚ್ಚುಕಡಿಮೆ ಸಮ. ಹಾಗಾಗಿ 10 ಅಡಿ ಅಗಲದ ಬ್ಯಾನರಿನಲ್ಲಿ 10 ಇಂಚಿನ ಅಕ್ಷರ ಒಂದು ಸಾಲಿಗೆ 11-12 ಮಾತ್ರ ಕೂರುತ್ತವೆ. ಮೇಲಿನ ಗುಡಿಸು, ಕೆಳಗಿನ ಒತ್ತು ಸೇರಿ ಒಂದು ಸಾಲಿಗೆ 16-17 ಇಂಚು ಜಾಗ ಹೋಗುತ್ತದೆ. 4 ಅಡಿ, ಅಂದರೆ 48 ಇಂಚು ಎತ್ತರದಲ್ಲಿ ದೊಡ್ಡ ಸಾಲು ಎರಡು, ಉಳಿದ 14 ಇಂಚಿನಲ್ಲಿ ಅಂಗಡಿಯ ಹೆಸರು ಮತ್ತು ಗುರುತಿನ ಜಾಗ. ಅಷ್ಟರಲ್ಲಿ ಹಿಡಿಸದ ಮಾತನ್ನು ಕತ್ತರಿಸಿ, ಅಕ್ಷರವನ್ನು ಕುಗ್ಗಿಸಬೇಡಿ.

ಬಣ್ಣ ಎರಡು ಸಾಕು: ಹಳದಿಯ ಮೇಲೆ ಕಪ್ಪು, ಇಲ್ಲವೇ ಬಿಳಿಯ ಮೇಲೆ ಕಡುನೀಲಿ. ಕೆಂಪು ನೆಲದ ಮೇಲೆ ಹಸಿರು ಅಕ್ಷರ, ಅಕ್ಷರಕ್ಕೆ ನೆರಳು, ಅಂಚಿಗೆ ಬಂಗಾರದ ಗೆರೆ, ಹಿಂದೆ ಸೂರ್ಯಕಿರಣ, ಇವೆಲ್ಲ ಒತ್ತಕ್ಷರವನ್ನು ನುಂಗುತ್ತವೆ. ನಮ್ಮ ಬಿಸಿಲಿಗೆ ಅಗ್ಗದ ಶಾಯಿಯ ಕೆಂಪು, ಹಳದಿ ಮೊದಲು ಮಾಸಿ ನೀಲಿ, ಕಪ್ಪು ಉಳಿಯುತ್ತವೆ. ಆದ್ದರಿಂದ ಮುಖ್ಯ ಮಾತನ್ನು ಕೆಂಪಿನಲ್ಲಿ ಬರೆಸಬೇಡಿ. ಸಂಡೂರು-ತೋರಣಗಲ್ಲು ರಸ್ತೆಯಲ್ಲಿ ಅದಿರಿನ ಕೆಂಪು ಧೂಳು ಕೂತು ಬಿಳಿ ನೆಲವೆಲ್ಲ ಕಾವಿಯಾಗುತ್ತದೆ. ಅಲ್ಲಿ ಹಳದಿ-ಕಪ್ಪೇ ಲೇಸು, ವಾರಕ್ಕೊಮ್ಮೆ ಒರೆಸಬೇಕು.

ಫಾಂಟ್ ಒಡೆಯುವುದು ಇನ್ನೊಂದು ಪೀಡೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಮೊಬೈಲಿನಲ್ಲಿ ಬಳಸುವ ಯೂನಿಕೋಡಿನಲ್ಲಿ ಕಳಿಸಿದ್ದು ಹಳೆಯ ಫೋಟೊಶಾಪಿನಲ್ಲಿ ಒತ್ತು ಒಂದು ಕಡೆ, ಅರ್ಕಾವತ್ತು ಒಂದು ಕಡೆ ಬಿದ್ದು ‘ವಸ್ತ್ರ’, ‘ಮಾರ್ಕೆಟ್’, ‘ಕ್ವಿಂಟಲ್’ ಪದಗಳು ಓದಲಾಗದಂತೆ ಒಡೆಯುತ್ತವೆ. ಹೊಸ ಫೋಟೊಶಾಪಿನಲ್ಲಿ ಟೈಪ್ ಸೆಟ್ಟಿಂಗಿಗೆ ಹೋಗಿ ‘ವರ್ಲ್ಡ್ ರೆಡಿ ಲೇಔಟ್’ ಆರಿಸಿದರೆ ಸರಿಯಾಗುತ್ತದೆ. ಎ4 ಹಾಳೆಯಲ್ಲಿ ಪ್ರೂಫ್ ತೆಗೆಸಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿ, ಫೋನ್ ನಂಬರಿಗೆ ಅಲ್ಲೇ ಕರೆ ಮಾಡಿ ನೋಡಿ. ಆಮೇಲೆ ಅಕ್ಷರಗಳನ್ನು ಕರ್ವ್ ಮಾಡಿಸಿ (ಫಾಂಟ್ ಇಲ್ಲದಿದ್ದರೂ ಒಡೆಯದಂತೆ ಗೆರೆಗಳ ಚಿತ್ರವಾಗಿಸಿ) ಪ್ರಿಂಟಿಗೆ ಬಿಡಿ.

ಹಂತ 5: ಯಾವುದರ ಮೇಲೆ, ಎಲ್ಲಿ

ಪ್ಲಾಸ್ಟಿಕ್ ಫ್ಲೆಕ್ಸ್ ಬ್ಯಾನರು 2016ರಿಂದ ರಾಜ್ಯದ ನಿಷೇಧದ ಪಟ್ಟಿಯಲ್ಲಿದೆ. ಬಟ್ಟೆಯ ಬ್ಯಾನರು, ತಗಡಿನ ಬೋರ್ಡು, ಮಾಲೀಕರ ಒಪ್ಪಿಗೆ ಪಡೆದ ಗೋಡೆ ಬರಹ, ಇವನ್ನೇ ನೆಚ್ಚಿಕೊಳ್ಳಿ. ಕೈಯಿಂದ ಬರೆದ ದಪ್ಪ ಅಕ್ಷರ ಈಗ ಅಪರೂಪವಾದ್ದರಿಂದ ಪ್ರಿಂಟಿನ ನಡುವೆ ಅದೇ ಎದ್ದು ಕಾಣುತ್ತದೆ. ಊರಿನಲ್ಲಿ ಉಳಿದಿರುವ ಪೇಂಟರನ್ನು ಹುಡುಕಿ, ಅವರಿಗೆ ಒಳ್ಳೆಯ ಕೂಲಿ ಕೊಡಿ. ಸಾರ್ವಜನಿಕ ಜಾಗಕ್ಕೆ ಪಾಲಿಕೆ, ನಗರಸಭೆ ಅಥವಾ ಪಂಚಾಯಿತಿಯ ಲಿಖಿತ ಪರವಾನಗಿ ಬೇಕು. ಪರವಾನಗಿ ಇಲ್ಲದೆ ಗೋಡೆ, ಕಂಬಗಳಿಗೆ ಅಂಟಿಸುವುದು 1981ರ ಮುಕ್ತ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ಅಪರಾಧ.

ಜಾಗ ಆರಿಸುವಾಗ ಎಷ್ಟು ಮಂದಿ ಓಡಾಡುತ್ತಾರೆ ಎಂದು ನೋಡಬೇಡಿ, ಎಷ್ಟು ಮಂದಿ ಕಾಯುತ್ತಾರೆ ಎಂದು ನೋಡಿ. ಕುಡಿಯುವ ನೀರಿನ ಘಟಕದ ಸರತಿ, ಹಿಟ್ಟಿನ ಗಿರಣಿ, ಬಸ್ ನಿಲ್ದಾಣದ ಕಟ್ಟೆ, ರೈಲ್ವೆ ಗೇಟು, ಎಪಿಎಂಸಿ ತೂಕದ ಕಟ್ಟೆ, ಮಿರ್ಚಿ-ಮಂಡಕ್ಕಿ ಬಂಡಿಯ ಬೆಂಚಿನ ಎದುರು. ಗಿರಣಿಯಲ್ಲಿ ಜೋಳ ಬೀಸಲಿಕ್ಕೆ ಇಟ್ಟವರಿಗೆ ಹತ್ತು ನಿಮಿಷ ಬೇರೆ ಕೆಲಸವಿಲ್ಲ. ಅಲ್ಲಿ ಒಂದೂವರೆ ಅಡಿಯ ಬೋರ್ಡು, 1 ಇಂಚಿನ ಅಕ್ಷರ ಸಾಕು. ಸರ್ಕಲ್ಲಿನ 20 ಅಡಿಯ ಬ್ಯಾನರಿಗಿಂತ ಹೆಚ್ಚು ಓದಿಸಿಕೊಳ್ಳುತ್ತದೆ.

ರಸ್ತೆಯಲ್ಲೇ ಹಾಕಬೇಕೆಂದರೆ ವೇಗ ತಗ್ಗಿಸುವ ರಸ್ತೆಯುಬ್ಬಿನ ಹತ್ತಿರ ಹಾಕಿ. ವೇಗ 15ಕ್ಕೆ ಇಳಿದಾಗ ಅದೇ 30 ಮೀಟರಿಗೆ 7 ಸೆಕೆಂಡು ಸಿಗುತ್ತದೆ. ತಿರುವಿನಲ್ಲಿ, ಎದುರಿನ ಗಾಡಿ ಮರೆಯಾಗುವ ಜಾಗದಲ್ಲಿ ಖಂಡಿತ ಬೇಡ, ಪ್ರಾಣದ ಪ್ರಶ್ನೆ. ಜೂನ್-ಜುಲೈ ಗಾಳಿಗೆ ಕೊಪ್ಪಳದ ಬಯಲಿನಲ್ಲಿ ಬಟ್ಟೆ ಹರಿಯುತ್ತದೆ. ಮೇಲೂ ಕೆಳಗೂ ಮರದ ಪಟ್ಟಿ ಹೊಲಿಸಿ, ಎರಡೆರಡು ಅಡಿಗೆ ಕಟ್ಟಿಸಿ.

ಹಂತ 6: ಆಟೊದ ಧ್ವನಿ

ಆಟೊ ಗಂಟೆಗೆ 10 ಕಿ.ಮೀ. ಓಡಿದರೂ 20 ಸೆಕೆಂಡಿಗೆ ಸುಮಾರು 55 ಮೀಟರ್ ದಾಟಿರುತ್ತದೆ. ಒಂದು ಮನೆಯ ಬಾಗಿಲಿಗೆ ಮಾತು ಸ್ಪಷ್ಟವಾಗಿ ಕೇಳುವ ಅವಧಿ ಹೆಚ್ಚುಕಡಿಮೆ ಅಷ್ಟೇ. ಒಂದು ನಿಮಿಷದ ರೆಕಾರ್ಡಿಂಗಿನಲ್ಲಿ ಮೊದಲ 30 ಸೆಕೆಂಡು ಸಿನಿಮಾ ಹಾಡಿದ್ದರೆ ಅರ್ಧ ಊರು ಹಾಡನ್ನಷ್ಟೇ ಕೇಳುತ್ತದೆ. ಪೂರ್ತಿ ಮಾತು 15ರಿಂದ 20 ಸೆಕೆಂಡಿನಲ್ಲಿ ಮುಗಿಯಬೇಕು. ನಡುವೆ 5 ಸೆಕೆಂಡು ಮೌನ ಬಿಟ್ಟು ಮತ್ತೆ ಮೊದಲಿನಿಂದ. ಆ ಮೌನವೇ ಕಿವಿಯನ್ನು ಎಚ್ಚರಿಸುತ್ತದೆ.

ಮೊದಲ ಪದ ಊರಿನದೋ ಓಣಿಯದೋ ಹೆಸರಾಗಿರಲಿ. ತನ್ನ ಊರಿನ ಹೆಸರು ಕೇಳಿದರೆ ಯಾರ ಕಿವಿಯೂ ನಿಮಿರುತ್ತದೆ. ಐದು ಊರಿಗೆ ಹೋಗುವುದಾದರೆ ಐದು ರೆಕಾರ್ಡಿಂಗ್ ಮಾಡಿ. ಮಾತು ಆ ಕಡೆಯದೇ ಆಗಿರಲಿ: ಯಲಬುರ್ಗಾದ ‘ಐತಿ’, ರಾಯಚೂರಿನ ‘ಅದ’, ಬಳ್ಳಾರಿಯ ‘ಐತೆ’. ಟಿವಿ ಧಾಟಿಯ ಪುಸ್ತಕದ ಕನ್ನಡ ಕೇಳಿದ ಕೂಡಲೇ ಇದು ಜಾಹೀರಾತೆಂದು ಮಂದಿ ಒಳಗೆ ಹೋಗುತ್ತಾರೆ. ಅದೇ ಊರಿನ ಹೆಣ್ಣುಮಗಳೊಬ್ಬರ ಧ್ವನಿಗೆ ಹೊರಗೆ ಬಂದು ನೋಡುತ್ತಾರೆ. ದುಪ್ಪಟಿ, ಹಾಸಿಗೆ ಇರುವ ಕೋಣೆಯಲ್ಲಿ ಮೊಬೈಲನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ರೆಕಾರ್ಡ್ ಮಾಡಿದರೆ ಸಾಕು. ಪ್ರತಿಧ್ವನಿಯ ಎಫೆಕ್ಟು, ಹಿನ್ನೆಲೆ ಸಂಗೀತ ಎರಡೂ ಬೇಡ.

ಬೇಸಿಗೆಯಲ್ಲಿ ಮಧ್ಯಾಹ್ನ ಆಟೊ ಕಳಿಸಿದರೆ ಡೀಸೆಲ್ ದಂಡ. ಮಂದಿ ಬಾಗಿಲು ಹಾಕಿಕೊಂಡು ಕೂಲರಿನ ಸದ್ದಿನಲ್ಲಿ ಮಲಗಿರುತ್ತಾರೆ. ಹಳ್ಳಿಯಲ್ಲಿ ಬೆಳಿಗ್ಗೆ 8ರೊಳಗೆ, ಇಲ್ಲವೇ ಕೂಲಿಯವರು ಮರಳುವ ಸಂಜೆ 5ರಿಂದ 7. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಧ್ವನಿ ಬಂದ್ ಮಾಡಿಸಿ. ಪರೀಕ್ಷೆಯ ತಿಂಗಳಲ್ಲಿ ಮೈಕು ಹಚ್ಚಿದ ಅಂಗಡಿಯನ್ನು ತಾಯಂದಿರು ಮರೆಯುವುದಿಲ್ಲ.

ಹಂತ 7: ವಾಟ್ಸಾಪ್

ಊರಿನ ಗ್ರೂಪುಗಳಲ್ಲಿ ಪೋಸ್ಟರ್ ಎಸೆಯುವುದನ್ನು ನಿಲ್ಲಿಸಿ. ಮುಂಜಾನೆಯ ಶುಭೋದಯ ಚಿತ್ರಗಳ ರಾಶಿಯಲ್ಲಿ ಅದೂ ಒಂದು. ಗ್ರೂಪೇ ಮ್ಯೂಟ್ ಆಗಿರುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಅದರಲ್ಲಿ ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುತ್ತದೆ. ಒಂದು ಲಿಸ್ಟಿಗೆ 256 ನಂಬರು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಇದು ಗೊತ್ತಿಲ್ಲದೆ ‘ಸಾವಿರ ಮಂದಿಗೆ ಕಳಿಸಿದೆ, ಒಬ್ಬರೂ ಬರಲಿಲ್ಲ’ ಎನ್ನುವವರೇ ಬಹಳ. ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ‘ಇನ್ಫೋ’ ನೋಡಿ, ಯಾರಿಗೆ ತಲುಪಿದೆ ಎಂಬ ಪಟ್ಟಿ ಅಲ್ಲಿದೆ.

ಗಿರಾಕಿ ಬಿಲ್ ಕೊಡುವಾಗಲೇ ಕೇಳಿ: ‘ಹತ್ತಿ ರೇಟು, ನಾಲೆಯ ನೀರಿನ ಸುದ್ದಿ ವಾರಕ್ಕೊಮ್ಮೆ ಕಳಿಸ್ತೀವಿ, ನಂಬರ್ ಸೇವ್ ಮಾಡಿಕೊಳ್ತೀರಾ?’ ಒಪ್ಪಿದರೆ ಅಲ್ಲೇ ಮಾಡಿಸಿ. ಒಪ್ಪದವರನ್ನು ಬಿಟ್ಟುಬಿಡಿ. ಕೇಳದೆ ಸೇರಿಸಿದವರು ರಿಪೋರ್ಟ್ ಒತ್ತುತ್ತಾರೆ, ಹೆಚ್ಚು ರಿಪೋರ್ಟ್ ಬಿದ್ದರೆ ನಂಬರೇ ಬ್ಯಾನ್ ಆಗುತ್ತದೆ.

ಸಂದೇಶ ತೆರೆಯುವ ಮುಂಚೆ ಪರದೆಯಲ್ಲಿ ಕಾಣುವುದು ಮೊದಲ ಸಾಲು ಮಾತ್ರ. ಅದರಲ್ಲಿ ‘ಆತ್ಮೀಯ ಗ್ರಾಹಕರೇ’ ಬರೆದು ಜಾಗ ಕಳೆಯಬೇಡಿ. ‘ರಾಯಚೂರು ಎಪಿಎಂಸಿ: ಇಂದಿನ ಹತ್ತಿ ದರ’ ಎಂದು ಶುರುಮಾಡಿ. ನಾಲ್ಕು ಸಂದೇಶದಲ್ಲಿ ಮೂರು ಅವರಿಗೆ ಉಪಯೋಗದ ಸುದ್ದಿ, ಒಂದು ನಿಮ್ಮ ಅಂಗಡಿಯದು. ಓದಲು ಬಾರದ ಹಿರಿಯರಿಗೆ 20-25 ಸೆಕೆಂಡಿನ ಧ್ವನಿ ಸಂದೇಶ ಕಳಿಸಿ, ಅಂಗಡಿಯಲ್ಲಿ ಕೂರುವವರ ಧ್ವನಿಯಲ್ಲೇ ಇರಲಿ.

ಲಿಂಕು, ಫೈಲು ಕಳಿಸಲೇಬೇಡಿ. ಮದುವೆ ಆಮಂತ್ರಣವೆಂದು ಎಪಿಕೆ ಫೈಲ್ (ಮೊಬೈಲಿಗೆ ಆ್ಯಪ್ ಹಾಕುವ ಫೈಲು) ಕಳಿಸಿ ಬ್ಯಾಂಕ್ ಖಾತೆ ಬರಿದು ಮಾಡುವ ವಂಚನೆ ನಡೆಯುತ್ತಿರುವುದರಿಂದ ಮಂದಿ ಹೆದರಿದ್ದಾರೆ, ಹೆದರುವುದೂ ಸರಿ. ಬರಹ, ಒಂದು ಫೋಟೊ, ಅಂಗಡಿಯ ಗುರುತು ಸಾಕು. ಸಗಟು ಎಸ್‌ಎಂಎಸ್ ಕಳಿಸಲು ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದ ಪ್ರಕಾರ ಸಗಟು ಸಂದೇಶದವರ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಹೆಸರು ನೋಂದಾಯಿಸಬೇಕು. ಚಿಕ್ಕ ಅಂಗಡಿಗೆ ಆ ಗೋಜು ಬೇಡ.

ಹಂತ 8: ಎಸೆಯಲಾಗದ ಕರಪತ್ರ

ಪತ್ರಿಕೆಯ ನಡುವೆ ಇಟ್ಟ ಕರಪತ್ರ ಚಹಾ ಮುಗಿಯುವುದರೊಳಗೆ ನೆಲಕ್ಕೆ ಬೀಳುತ್ತದೆ. ಅಂಗಿಯ ಜೇಬಿಗೆ ಹಿಡಿಯುವ ಎ4ರ ಕಾಲು ಭಾಗ, ದಪ್ಪ ಕಾಗದ, ಒಂದು ಬದಿಗೆ ಉಪಯೋಗದ ಪಟ್ಟಿ, ಇನ್ನೊಂದು ಬದಿಗೆ ನಿಮ್ಮ ಮಾತು. ಬೆಳೆಗೆ ಸಿಂಪಡಿಸುವ ಔಷಧಿ ಮಾರುವವರಿಗೆ ಒಂದು ಪಟ್ಟಿ: ಲೀಟರಿಗೆ 1 ಮಿಲಿ ಎಂದಿದ್ದರೆ 15 ಲೀಟರಿನ ಪಂಪಿಗೆ 15, 20 ಲೀಟರಿನದಕ್ಕೆ 20 ಮಿಲಿ. ಲೀಟರಿಗೆ 2 ಮಿಲಿ ಎಂದಿದ್ದರೆ 30 ಮತ್ತು 40. ಎಕರೆಗೆ 200 ಲೀಟರ್ ನೀರೆಂದರೆ 15 ಲೀಟರಿನ ಪಂಪು 13 ಸಲಕ್ಕಿಂತ ತುಸು ಹೆಚ್ಚು. ಪ್ರಮಾಣಕ್ಕೆ ಡಬ್ಬಿಯ ಲೇಬಲ್ಲೇ ಆಧಾರ ಎಂದು ದಪ್ಪಕ್ಷರದಲ್ಲಿ ಬರೆಸಿ. ಇಂಥ ಚೀಟಿ ಪಂಪಿನ ಮನೆಯ ಗೋಡೆಗೆ ಅಂಟುತ್ತದೆ.

ಹಂತ 9: ಎಣಿಸಿ, ಒಂದನ್ನೇ ಬದಲಿಸಿ

ಬಂದ ಪ್ರತಿಯೊಬ್ಬರನ್ನೂ ‘ಎಲ್ಲಿ ನೋಡಿದಿರಿ, ಕೇಳಿದಿರಿ?’ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ. ಮರೆಯುತ್ತಾರೆಂದರೆ ಪ್ರತಿ ಮಾಧ್ಯಮಕ್ಕೂ ಬೇರೆ ಗುರುತು ಪದ ಕೊಡಿ: ಆಟೊದಲ್ಲಿ ಒಂದು, ಗಿರಣಿ ಬೋರ್ಡಿನಲ್ಲಿ ಇನ್ನೊಂದು. ಖರ್ಚನ್ನು ವಿಚಾರಿಸಿ ಬಂದವರ ಸಂಖ್ಯೆಯಿಂದ ಭಾಗಿಸಿ. ಆಟೊಗೆ 1,000 ರೂಪಾಯಿ ಹೋಗಿ 20 ಮಂದಿ ಬಂದರೆ ತಲೆಗೆ 50. ಗಿರಣಿಯ ಬೋರ್ಡಿಗೆ 400 ಹೋಗಿ 16 ಮಂದಿ ಬಂದರೆ 25. ಮುಂದಿನ ತಿಂಗಳ ಹಣ ಎಲ್ಲಿಗೆಂಬುದು ಅಲ್ಲೇ ತೀರ್ಮಾನ. ಬದಲಿಸುವಾಗ ಮಾತು, ಬಣ್ಣ, ಜಾಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ಎಂದಿಗೂ ತಿಳಿಯದು.

ಎಚ್ಚರಿಕೆಯ ಸೂಚನೆಗಳು

ಫೋನ್ ಮಾಡಿದವರೆಲ್ಲ ‘ಅಂಗಡಿ ಎಲ್ಲಿ?’ ಎಂದೇ ಕೇಳುತ್ತಿದ್ದರೆ ಗುರುತಿನ ಜಾಗ ಬರೆದಿಲ್ಲ ಎಂದರ್ಥ. ವಿಳಾಸದ ಬದಲು ‘ಹಳೆ ಬಸ್ ಸ್ಟ್ಯಾಂಡ್ ಎದುರು’ ಎಂದು ಬರೆಯಿರಿ. ಫೋನು ಬಹಳ, ಬರುವವರು ಕಡಿಮೆ ಎಂದರೆ ಬೋರ್ಡಿನ ಮಾತಿಗೂ ಫೋನಿನಲ್ಲಿ ಹೇಳುವ ಬೆಲೆಗೂ ತಾಳೆಯಿಲ್ಲ. ಬಂದವರು ನೀವು ಮಾರದ ಸಾಮಾನು ಕೇಳಿದರೆ ಚಿತ್ರ ತಪ್ಪು ಹೇಳುತ್ತಿದೆ. ಹಳೆಯ ಗಿರಾಕಿಯೇ ‘ಬ್ಯಾನರ್ ಹಾಕಿದ್ದೀರಾ? ನೋಡಲಿಲ್ಲ’ ಎಂದರೆ ಅದು ಗೋಡೆಯ ಭಾಗವಾಗಿಹೋಗಿದೆ. ಮೂರು ವಾರಕ್ಕೆ ಮಾತು ಬದಲಿಸಿ, ಇಲ್ಲವೇ ಒಂದು ವಾರ ಆ ಜಾಗ ಖಾಲಿ ಬಿಟ್ಟು ಮತ್ತೆ ಕಟ್ಟಿ. ಹಂಗಾಮು ಮುಗಿದ ಬ್ಯಾನರನ್ನು ಅದೇ ದಿನ ಬಿಚ್ಚಿಸಿ. ಫೆಬ್ರುವರಿಯಲ್ಲಿ ನಾಟಿಯ ಗೊಬ್ಬರದ ಬಟ್ಟೆ ನೇತಾಡುತ್ತಿದ್ದರೆ ಮಂದಿ ಮುಂದಿನ ಜುಲೈಯಲ್ಲೂ ಆ ಕಡೆ ತಲೆಯೆತ್ತಿ ನೋಡುವುದಿಲ್ಲ.